ಪಿಂಗಾಣಿ ನಗು

ನನ್ನ ಮೇಲಿನ ಸಾಲಿನ ಮುಂದಿನ ಹಲ್ಲುಗಳು ಪಿಂಗಾಣಿಯವು. ಉಪ್ಪಿನಕಾಯಿ ಜಾಡಿ, ಚಹದ ಕಪ್ಪು-ಬಸಿ ಇವೆಲ್ಲ ಯಾವ ಕುಲಕ್ಕೆ ಸೇರಿದವೋ ನನ್ನ ನಗುವೂ ಅದೇ ಕುಲದ್ದು. ಹಾಗಾಗಿ ಯಾರಾದರೂ "ನಿಮ್ಮ ನಗು ಎಷ್ಟು ಚೆಂದ" ಎಂದರೆ, ಬೇರೆಯವರ ಮನೆಯ ಪಾತ್ರೆಯಲ್ಲಿ ಬಡಿಸಿ ಹೊಗಳಿಸಿಕೊಂಡವಳಂತೆ ನಾನು ತುಸು ಮುದುಡುತ್ತೇನೆ. ಕಬ್ಬು ಸಿಗಿಯುವುದಿಲ್ಲ, ಚಕ್ಕುಲಿಯನ್ನು ಕೈಯಲ್ಲೇ ಮುರಿದು ತಿನ್ನುತ್ತೇನೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವರಿಗೆ ಎರಡೂ ಇದ್ದು ಕಡಿಯಲು ಹೆದರುವ ನನ್ನಂಥವಳ ಕಲ್ಪನೆ ಇದ್ದಿರಲಾರದು.

ನಾನು ಹುಟ್ಟಿದ್ದು ಜಗಳೂರು ಕಡೆಯ ಸೊಕ್ಕೆಯಲ್ಲಿ. ನಮ್ಮ ಕೇರಿಯ ಜನರ ಹಲ್ಲುಗಳ ಮೇಲೆ ಹಳದಿಯದೋ ಕಂದಿನದೋ ಅಡ್ಡಪಟ್ಟಿಗಳಿದ್ದವು. ಅದೊಂದು ಕೊರತೆ ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ಹಾಲುಹಲ್ಲು ಬಿಳಿ, ಅದು ಎಳಸು. ಆಮೇಲೆ ಬರುವ ಹಲ್ಲು ಕಾಯಾಗಿ ಹಣ್ಣಾಗುತ್ತದೆ, ಹಣ್ಣಾದದ್ದು ಬಣ್ಣ ತಿರುಗುತ್ತದೆ, ಇಷ್ಟೇ ನಮ್ಮ ಶಾಸ್ತ್ರ. ಹೊನ್ನಾಳಿಯಿಂದ ಬಂದಿದ್ದ ಮೇಷ್ಟರ ಹೆಂಡತಿಗೆ ಮಲ್ಲಿಗೆ ಮೊಗ್ಗಿನಂಥ ಹಲ್ಲುಗಳಿದ್ದವು. ಪಾಪ, ಇಷ್ಟು ವಯಸ್ಸಾದರೂ ಇವರ ಹಲ್ಲು ಹಣ್ಣೇ ಆಗಿಲ್ಲವಲ್ಲ ಎಂದು ನಾವು ಹುಡುಗಿಯರು ಮರುಕಪಟ್ಟಿದ್ದೆವು. ನನ್ನ ಹಲ್ಲುಗಳಂತೂ ಕೇರಿಗೆಲ್ಲ ಹೆಚ್ಚು ಕಂದು. ಲೆಕ್ಕದ ಪ್ರಕಾರ ನಾನೇ ಎಲ್ಲರಿಗಿಂತ ಚೆನ್ನಾಗಿ ಮಾಗಿದವಳು, ಅದರ ಜಂಬವೂ ನನಗೆ ಇತ್ತು.

ಅವ್ವ ಮನೆಗೆ ತರುತ್ತಿದ್ದ ನೀರೂ ಎಲ್ಲರ ಮನೆಯ ನೀರಿನಂತಲ್ಲ. ನನಗಿಂತ ಮೊದಲು ಒಬ್ಬ ಅಣ್ಣನಿದ್ದನಂತೆ. ಕೆರೆಯ ನೀರು ಕುಡಿದು ವಾಂತಿಭೇದಿ ಹತ್ತಿ, ಮಾತು ಕಲಿಯುವ ಮೊದಲೇ ಹೋದನಂತೆ. ನಾನು ಹುಟ್ಟಿದ ಮೇಲೆ ಅವ್ವ ಕೆರೆಯ ನೀರನ್ನು ಹೊಸ್ತಿಲ ಒಳಗೆ ತರಲಿಲ್ಲ. ಊರಾಚೆ ಹೊಲವೊಂದರಲ್ಲಿ ಆಳದ ಬಾವಿಯಿತ್ತು, ಕನ್ನಡಿಯಷ್ಟು ತಿಳಿ ನೀರು. ಬೇಸಿಗೆ ಇರಲಿ, ಚಳಿ ಇರಲಿ, ಅಷ್ಟು ದೂರ ನಡೆದು ಹೋಗಿ, ಸೇದಿ, ಕೊಡ ಹೊತ್ತು ತಂದು, ಬಟ್ಟೆಯಲ್ಲಿ ಸೋಸಿ ನನಗೆ ಕುಡಿಸುತ್ತಿದ್ದಳು. ನೆರೆಯವರು ಅವಳನ್ನು ಮಹಾರಾಣಿಯ ತಾಯಿ ಎಂದು ಕಿಚಾಯಿಸಿದರೆ ಅವ್ವ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಆ ನಗುವಿನಲ್ಲಿ ಅವಳ ಪಟ್ಟಿಪಟ್ಟಿ ಹಲ್ಲುಗಳು ದವಡೆಯವರೆಗೂ ಕಾಣುತ್ತಿದ್ದವು. ನಮ್ಮ ಕೇರಿಯಲ್ಲಿ ಅವ್ವ ಎಲ್ಲಿದ್ದಾಳೆಂದು ಯಾರೂ ಹುಡುಕುತ್ತಿರಲಿಲ್ಲ, ನಗು ಕೇಳಿದ ಕಡೆ ಹೋಗುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಓದು ಮುಗಿಸಿ ನಾನು ನ್ಯಾಮತಿಗೆ ಟೀಚರಾಗಿ ಬಂದೆ. ಹೊಳೆಯ ಕಡೆಯ ಸೀಮೆ, ಊರಿಗೆ ಊರೇ ಎಳಸು ಹಲ್ಲಿನದು. ಮೊದಲ ವಾರದಲ್ಲೇ ಒಬ್ಬ ವಿದ್ಯಾರ್ಥಿನಿ ತುಂಬ ವಿನಯದಿಂದ, ಟೀಚರ್ ನೀವು ಎಲೆಅಡಿಕೆಗೆ ಕಡ್ಡಿಪುಡಿ ಹಾಕುತ್ತೀರಾ ಎಂದು ಕೇಳಿದಳು. ಅಂದು ರಾತ್ರಿ ಬಾಡಿಗೆ ಕೋಣೆಯ ಕನ್ನಡಿಯಲ್ಲಿ ನನ್ನ ಹಲ್ಲುಗಳನ್ನು ಹುಟ್ಟಿದ ಮೇಲೆ ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿಕೊಂಡೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಬೇವಿನ ಕಡ್ಡಿ ಯಾವುದನ್ನೂ ಬಿಡದೆ ತಿಕ್ಕಿದೆ. ವಸಡು ಕೆಂಪಾಯಿತೇ ಹೊರತು ಹಲ್ಲು ಒಪ್ಪಲಿಲ್ಲ. ಹೊನ್ನಾಳಿಯ ಸ್ಟುಡಿಯೋದಲ್ಲಿ ಫೋಟೋದವನು ಸ್ವಲ್ಪ ನಗಿ ಮೇಡಂ ಎಂದ. ನಕ್ಕೆ. ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದು, ಬೇಡ ಬಿಡಿ, ಗಂಭೀರವಾಗಿದ್ದರೇ ನಿಮಗೆ ಒಪ್ಪುತ್ತದೆ ಎಂದ. ಹಾಗೆ ನಾನು ಗಂಭೀರ ಸ್ವಭಾವದ ಟೀಚರ್ ಎಂದು ಹೆಸರಾದೆ. ನಗು ಬಂದಾಗ ಅಂಗೈ ತಾನಾಗಿ ಬಾಯಿಗೆ ಹೋಗುವುದು ರೂಢಿಯಾಯಿತು.

ಹಲ್ಲಿನ ವಿಷಯದಲ್ಲಿ ನಮ್ಮ ಹಳೆಯ ಕವಿಗಳು ಧಾರಾಳಿಗಳು. ನಾಯಕಿಯ ಹಲ್ಲು ಅವರಿಗೆ ಮುತ್ತು, ಮೊಗ್ಗು, ಇಲ್ಲವೇ ದಾಳಿಂಬೆ ಬೀಜ. ದಾಳಿಂಬೆ ಬೀಜ ಕೆಂಪಲ್ಲವೇ ಎಂದು ತರಗತಿಯಲ್ಲಿ ಪದ್ಯ ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಅನಿಸುತ್ತಿತ್ತು. ಆ ಹೋಲಿಕೆ ಮೊದಲು ತಂದ ಕವಿ ನಮ್ಮ ಜಗಳೂರು ಸೀಮೆಯವನೇ ಇರಬೇಕೆಂದು ಸಮಾಧಾನ ತಂದುಕೊಂಡಿದ್ದೆ. ಕವಿಗಳಿಗಿಂತ ಖಚಿತವಾಗಿ ಹಲ್ಲು ನೋಡುವವರೆಂದರೆ ದನದ ಸಂತೆಯವರು. ಅವರಿಗಿಂತಲೂ ಒಂದು ಕೈ ಮೇಲು ಹೆಣ್ಣು ನೋಡಲು ಬರುವವರು. ಚನ್ನಗಿರಿಯಿಂದ ಬಂದ ಒಂದು ಕಡೆಯವರು ನನಗೆ ಹಾಡು ಎಂದರು. ಹಲ್ಲು ಕಾಣದಂತೆ ಹೆಸರು ಹೇಳಬಹುದು, ಊರು ಹೇಳಬಹುದು, ಹಾಡಲು ಆಗುವುದಿಲ್ಲ. ಮೊದಲ ಸಾಲಿಗೇ ಆ ಮನೆಯ ಹಿರಿಯಮ್ಮ ಸಾಕು ಎಂದು ಕೈ ಎತ್ತಿದರು. ನನ್ನ ಶಾರೀರದ ಬಗ್ಗೆ ಅವರಿಗೆ ದೂರೇನೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಕೊನೆಗೆ ನನ್ನನ್ನು ಒಪ್ಪಿದವರು ನಲ್ಲೂರಿನವರು, ಸರ್ಕಾರಿ ಗುಮಾಸ್ತರು, ಹಲ್ಲುಬ್ಬರು. ಅವರಿಗೆ ಬಾಯಿ ಮುಚ್ಚಲು ಬಾರದು, ನನಗೆ ತೆರೆಯಲು ಬಾರದು. ಸಂಸಾರ ಸಲೀಸಾಗಿ ನಡೆಯಿತು.

ನಾನು ಹೀಗೆಯೇ ಇದ್ದುಬಿಡುತ್ತಿದ್ದೆ. ಇರಗೊಡದವಳು ನನ್ನ ಮಗಳು. ಅವಳು ನ್ಯಾಮತಿಯಲ್ಲೇ ಹುಟ್ಟಿ ಬೆಳೆದವಳು, ಹೊಸದಾಗಿ ಬಂದ ಹಲ್ಲುಗಳು ಬಿಡಿಸಿದ ಬೆಳ್ಳುಳ್ಳಿಯಷ್ಟು ಬೆಳ್ಳಗಿದ್ದವು. ಒಂದು ಸಂಜೆ ಅವರಪ್ಪ ಏನೋ ತಮಾಷೆ ಹೇಳಿದರು. ಮಗು ಕಿಲಕಿಲನೆ ನಕ್ಕಿತು, ನಗುತ್ತಲೇ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯಿತು. ಯಾಕೆ ಹಾಗೆ ಮಾಡುತ್ತೀ ಎಂದು ಕೇಳಿದರೆ, ನಗುವುದೆಂದರೆ ಹೀಗೆಯೇ ಅಲ್ಲವೇ ಎನ್ನುವಂತೆ ನನ್ನನ್ನು ನೋಡಿತು. ಮರುದಿನ ಆಫೀಸಿನಿಂದ ಬಂದ ನನ್ನ ಯಜಮಾನರು, ದಾವಣಗೆರೆಯಲ್ಲಿ ಒಬ್ಬ ಹೊಸ ಡಾಕ್ಟರು ಹಲ್ಲಿಗೆ ಪಿಂಗಾಣಿ ಕೂರಿಸುತ್ತಾರಂತೆ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಡಾಕ್ಟರು ಹುಡುಗನಂತಿದ್ದರು. ಬಾಯಿ ನೋಡಿ ಮೊದಲು ಕೇಳಿದ್ದು ನನ್ನ ಊರನ್ನು. ಸೊಕ್ಕೆ ಎಂದೆ. ಇದು ನಿಮ್ಮ ಕೊಳೆಯಲ್ಲಮ್ಮ, ನೀರಿನದು ಎಂದರು. ಹಲ್ಲು ಒಳಗೆ ಬೆಳೆಯುವ ವಯಸ್ಸಿನಲ್ಲಿ ಕುಡಿದ ನೀರಿನಲ್ಲಿ ಏನೋ ಒಂದು ಲವಣ ಜಾಸ್ತಿ ಇದ್ದರೆ ಹೀಗಾಗುತ್ತದಂತೆ, ನೆಲದ ಆಳದ ನೀರಿನಲ್ಲಿ ಅದು ಇನ್ನೂ ಜಾಸ್ತಿಯಂತೆ. ಆಮೇಲೆ ಒಂದು ಪಟ್ಟಿ ತೆಗೆದು ನನ್ನ ತುಟಿಯ ಹತ್ತಿರ ಹಿಡಿದರು. ಅದರ ತುಂಬ ಬಿಡಿ ಹಲ್ಲುಗಳು, ಒಂದೊಂದೂ ಒಂದೊಂದು ಬಿಳಿ. ಹಾಲಿನ ಬಿಳಿ, ಕೆನೆಯ ಬಿಳಿ, ಅಕ್ಕಿಯ ಬಿಳಿ, ಸುಣ್ಣದ ಬಿಳಿ. ಜಗತ್ತಿನಲ್ಲಿ ಇಷ್ಟು ಬಿಳಿಗಳಿವೆಯೆಂದು ಗೊತ್ತಿಲ್ಲದೆ ಅಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಸುಣ್ಣದ ಬಿಳಿಯನ್ನು ತೋರಿಸಿದೆ. ಅವರು ನಕ್ಕು, ಅಷ್ಟು ಬೇಡ, ಜನಕ್ಕೆ ಗೊತ್ತಾಗುತ್ತದೆ ಎಂದು ಅಕ್ಕಿಯ ಬಿಳಿಯನ್ನು ಆರಿಸಿದರು. ಹಲ್ಲಿನ ಮುಖವನ್ನು ತುಸು ಕೆರೆದು, ಅಚ್ಚು ತೆಗೆದು, ಎಲ್ಲಿಗೋ ಕಳಿಸಿ ಮಾಡಿಸಿದ ಉಗುರಿನಷ್ಟು ತೆಳ್ಳನೆಯ ಚೂರುಗಳನ್ನು ಒಂದೊಂದಾಗಿ ಅಂಟಿಸಿದರು. ಕನ್ನಡಿ ಕೊಟ್ಟರು. ಒಳಗಿದ್ದವಳು ಮೇಷ್ಟರ ಹೆಂಡತಿಯ ಹಾಗೆ ನಗುತ್ತಿದ್ದಳು, ನಾನು ಅಳುತ್ತಿದ್ದೆ.

ನಾನು ತಪ್ಪು ಮಾಡಿದೆ ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಮಗಳ ಅಂಗೈ ಕೆಲವೇ ತಿಂಗಳಲ್ಲಿ ಕೆಳಗಿಳಿಯಿತು. ಅಷ್ಟಕ್ಕಾದರೂ ಆ ಪಿಂಗಾಣಿಗೆ ನಾನು ಋಣಿ.

ಅವ್ವನಿಗೆ ತೋರಿಸಬೇಕೆಂಬ ಆಸೆಯಿಂದ ಮುಂದಿನ ರಜೆಗೆ ಸೊಕ್ಕೆಗೆ ಹೋದೆ. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ತಮ್ಮನೂ ಅವನ ಹೆಂಡತಿಯೂ ಹೊಲಕ್ಕೆ ಹೋಗಿದ್ದರು. ಅವ್ವ ನನ್ನ ಗಲ್ಲ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದಳು, ದೃಷ್ಟಿ ತೆಗೆದಳು, ಬಹಳ ಚೆಂದ ಆಗಿದೆ ಎಂದಳು. ನಾನು ಉಬ್ಬಿಹೋಗಿ, ತಂದ ಸಿಹಿಯ ಜೊತೆಗೆ ಡಾಕ್ಟರ ಮಾತನ್ನೂ ಬಡಿಸಿದೆ. ನಮ್ಮ ತಪ್ಪಲ್ಲವಂತೆ ಅವ್ವಾ, ಎಲ್ಲ ನೀರಿನದಂತೆ, ಆಳದ ನೀರಿನದು ಎಂದೆ. ಅವ್ವ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಸೆರಗು ಬಾಯಿಗೆ ಬಂತು.

ನಾನು ಅವ್ವನ ಬಾಯಿಗೆ ಸೆರಗು ಬಂದದ್ದನ್ನು ನೋಡಿದ್ದು ಅದೇ ಮೊದಲು. ಅಪ್ಪ ಹೋದ ದಿನ ಅಳುವಾಗಲೂ ಅವಳು ಮುಚ್ಚಿಕೊಂಡಿರಲಿಲ್ಲ. ಆಕಸ್ಮಿಕ ಇರಬಹುದು ಅಂದುಕೊಂಡೆ. ಸಂಜೆ ಹಿತ್ತಲಿನಿಂದ ಬರುವಾಗ ನಡುಮನೆಯಲ್ಲಿ ಹಳೆಯ ನಗು ಕೇಳಿಸಿತು. ಪಕ್ಕದ ಮನೆಯವರಿಬ್ಬರು ಬಂದು ಕುಳಿತಿದ್ದರು, ಅವ್ವ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ನಾನು ಒಳಗೆ ಬಂದೆ. ಅವರಿಬ್ಬರೂ ನಗುತ್ತಲೇ ಇದ್ದರು. ಅವ್ವನ ಸೆರಗು ಮಾತ್ರ ಮೇಲೆ ಹೋಯಿತು. ನನ್ನನ್ನು ಹೆತ್ತವಳ ಬಾಯಿ ನನ್ನೆದುರಿಗೆ ಮುಚ್ಚಿಕೊಂಡಿತು. ಚನ್ನಗಿರಿಯ ಹಿರಿಯಮ್ಮ ಕೈ ಎತ್ತಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ನನ್ನ ಬಿಳಿ ಹಲ್ಲುಗಳ ಮುಂದೆ ಅವ್ವನಿಗೆ ತನ್ನ ಹಲ್ಲುಗಳ ನಾಚಿಕೆ ಹುಟ್ಟಿದೆ ಎಂದು ನಾನು ಲೆಕ್ಕ ಹಾಕಿದೆ. ಟೀಚರಲ್ಲವೇ, ಲೆಕ್ಕ ಬೇಗ ಮಾಡುತ್ತೇನೆ, ಉತ್ತರ ಸರಿಯಿರಬೇಕೆಂದೇನೂ ಇಲ್ಲ. ಮರುದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಾಗ ಪಕ್ಕದಲ್ಲಿ ಕೂತು, ನಿನಗೂ ಮಾಡಿಸೋಣ ಬಾ ದಾವಣಗೆರೆಗೆ ಎಂದೆ. ಅವ್ವ ಮೊರವನ್ನು ಕೆಳಗಿಟ್ಟಳು.

"ನೀ ತಿಳಕಂಡಂಗಲ್ಲ ಕಣವ್ವ. ನನ್ನ ಹಲ್ಲಿಗೆ ನಾನ್ಯಾಕೆ ನಾಚಲಿ? ಇವೇ ಹಲ್ಲಾಗೆ ಉಂಡೀನಿ, ಇವನ್ನೇ ಬಿಟ್ಕಂಡು ನಕ್ಕೀನಿ. ನೀನು ಎದುರಿಗೆ ಕುಂತು ನಕ್ರೆ ನಾನು ಹೊತ್ಕಂಡು ಬಂದ ಕೊಡ ನೆಪ್ಪಾಗ್ತೈತೆ. ಆ ಬಾವಿ ನೀರು ನಿಂಗೆ ಕುಡಿಸಿದಾಕಿ ನಾನೇ ಅಲ್ಲೇನು? ನಗಾಕೆ ಹೋದ್ರೆ ನಗು ಅರ್ಧಕ್ಕೇ ನಿಂತ್ಕಂತೈತೆ. ಅರ್ಧ ನಗು ಯಾರಿಗೂ ತೋರಿಸಬಾರದವ್ವ, ಅದಕ್ಕೇ ಮುಚ್ಕಂತೀನಿ."

ನಾನು ತಡೆತಡೆದು, ಆ ನೀರು ಕುಡಿಸದೆ ಕೆರೆಯದು ಕುಡಿಸಿದ್ದರೆ ಅಣ್ಣ ಹೋದ ದಾರಿಯಲ್ಲೇ ನಾನೂ ಹೋಗುತ್ತಿದ್ದೆ, ಹಲ್ಲು ಕಂದಾಗಲು ಹಲ್ಲು ಬರುವವರೆಗಾದರೂ ಬದುಕಬೇಕಲ್ಲ ಎಂದೆ. ಅದು ತನಗೂ ಗೊತ್ತು ಎಂದಳು. ಗೊತ್ತಿದ್ದದ್ದೆಲ್ಲ ಎದೆಗೆ ಇಳಿಯುವುದಿಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಬಹಳ ಹೊತ್ತು ಜೋಳದಲ್ಲಿ ಕಲ್ಲು ಆರಿಸಿದಳು. ಆಮೇಲೆ ತಲೆ ಎತ್ತದೆ, ಹಿಂದಿನ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಒಂದು ಪ್ರಶ್ನೆ ಕೇಳಿದಳು.

"ಕಿತ್ತ ಹಲ್ಲು ಎಲ್ಲಿ ಹಾಕಿದ್ರವ್ವ?"

ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಮನೆಯ ಮಾಳಿಗೆಯ ಮೇಲೆ ಎಸೆಯುವುದು ನಮ್ಮಲ್ಲಿ ಪದ್ಧತಿ. ನನ್ನ ಹಲ್ಲುಗಳನ್ನೆಲ್ಲ ಎಸೆದವಳು ಅವ್ವನೇ. ತಾನು ಕುಡಿಸಿದ ನೀರಿನಲ್ಲಿ ಬೆಳೆದ ಹಲ್ಲುಗಳನ್ನು ಯಾರೋ ಡಾಕ್ಟರು ಕಿತ್ತು, ಯಾವುದೋ ಊರಿನ ತಿಪ್ಪೆಗೆ ಹಾಕಿದ್ದಾರೆ ಎಂದು ಅವಳು ಇಡೀ ರಾತ್ರಿ ಸಂಕಟಪಟ್ಟಿದ್ದಳು. ಕಿತ್ತೇ ಇಲ್ಲ ಅವ್ವ ಎಂದೆ. ಗೋಡೆಗೆ ಸುಣ್ಣ ಬಳಿದಂತೆ ಮುಂಭಾಗಕ್ಕಷ್ಟೇ ಹಚ್ಚಿದ್ದಾರೆ, ಹಿಂದೆ ಹಳೆಯ ಹಲ್ಲು ಇದ್ದ ಹಾಗೇ ಇದೆ ಎಂದೆ. ಅವ್ವ ನಂಬಲಿಲ್ಲ. ನನ್ನನ್ನು ಬಿಸಿಲಿಗೆ ಕರೆದು, ಗಲ್ಲ ಎತ್ತಿ, ಬಾಯಿ ತೆರೆಸಿದಳು. ಸಂತೆಯಲ್ಲಿ ಎತ್ತಿನ ಬಾಯಿಗೆ ಕೈ ಹಾಕುವಂತೆ ಹಾಕಿ, ಜೋಳದ ಧೂಳು ಮೆತ್ತಿದ ತೋರುಬೆರಳಿನಿಂದ ನನ್ನ ಹಲ್ಲುಗಳ ಹಿಂಬದಿಯನ್ನು ಒಂದೊಂದಾಗಿ ಸವರಿದಳು. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಅದಾವೆ," ಎಂದಳು.

ಬೆರಳನ್ನು ಸೀರೆಗೆ ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕಳು. ಪೂರ್ತಿ ನಗುವಲ್ಲ ಅದು, ನಡುವೆ ಎಲ್ಲೋ ನಿಂತುಹೋಯಿತು. ನಾನು ಅವಳ ಸೆರಗಿನ ಕಡೆಗೇ ನೋಡುತ್ತಿದ್ದೆ, ಅದು ಇದ್ದಲ್ಲೇ ಇತ್ತು.

ಅವ್ವ ಆಮೇಲೂ ಕೆಲವು ವರ್ಷ ಬದುಕಿದ್ದಳು. ತಲೆ ಹಿಂದಕ್ಕೆ ಚೆಲ್ಲಿ ನಗುವ ಆ ನಗು ಮಾತ್ರ ನನ್ನೆದುರಿಗೆ ತಿರುಗಿ ಬರಲೇ ಇಲ್ಲ. ಅದನ್ನು ಕೇಳಬೇಕೆಂದರೆ ನಾನು ಹಿತ್ತಲಲ್ಲಿ ನಿಂತು, ಅವಳು ನೆರೆಯವರ ಜೊತೆ ಹರಟುವ ಹೊತ್ತು ಕಾಯಬೇಕಿತ್ತು, ಕಾದದ್ದೂ ಉಂಟು. ಅದಕ್ಕೆ ನಾನು ದುಃಖಪಟ್ಟಿದ್ದೇನೆ, ಈಗಲೂ ಪಡುತ್ತೇನೆ. ಆದರೆ ಪೂರ್ತಿ ನಗುವನ್ನು ಅವ್ವ ಊರಿಗೆಲ್ಲ ಹಂಚಿದಳು. ಯಾರಿಗೂ ತೋರಿಸಬಾರದು ಎಂದಿದ್ದ ಆ ಅರ್ಧ ನಗುವನ್ನು ಕೊನೆಯವರೆಗೂ ಮುಚ್ಚಿಕೊಳ್ಳದೆ ತೋರಿಸಿದ್ದು ನನಗೊಬ್ಬಳಿಗೆ.