ಬೆಸುಗೆ ಬೀಳದ ನಲವತ್ತನೆಯ ಪೆಟ್ಟಿಗೆ

ಚೆಲುವಯ್ಯ ಸಮುದ್ರ ನೋಡದೆಯೇ ಸತ್ತ. ಆದರೆ ಹಡಗಿನ ಹೊಟ್ಟೆ ಅವನಿಗೆ ತನ್ನ ಮನೆಯ ಅಟ್ಟದಷ್ಟು ಗೊತ್ತಿತ್ತು. ಅದಿರನ್ನು ರಾಶಿ ಸುರಿಯುತ್ತಾರೆ, ಕಾಫಿ ಮೂಟೆಗಳನ್ನು ಹಲಗೆಯ ಮೇಲೆ ಪೇರಿಸುತ್ತಾರೆ, ಪೆಟ್ಟಿಗೆಗಳನ್ನು ಬಲೆಯಲ್ಲಿ ತೂಗಿ ಇಳಿಸುತ್ತಾರೆ ಎಂದೆಲ್ಲ ಮೈಸೂರು ಸ್ಟೇಷನ್ನಿನ ಗೂಡ್ಸ್ ಗುಮಾಸ್ತ ದೊರೆಸ್ವಾಮಿಯನ್ನು ಕೇಳಿ ಕೇಳಿ ತಿಳಿದಿದ್ದ.

"ಪಕ್ಕದಲ್ಲಿ ಹಸಿ ತೊಗಲು ಪೇರಿಸಿದರೋ, ನಿಮ್ಮ ಊದುಬತ್ತಿ ಕಥೆ ಮುಗೀತು ಕಣಯ್ಯ," ಎಂದು ದೊರೆಸ್ವಾಮಿ ಹೆದರಿಸುತ್ತಿದ್ದ.

"ಆ ನಾತ ನನ್ನ ಬೆಸುಗೆ ದಾಟಿ ಬರ್ಲಿ ನೋಡಾನ."

ಗುರುಸಿದ್ದಯ್ಯನವರ ಊದುಬತ್ತಿ ಕಾರ್ಖಾನೆಯಲ್ಲಿ ಪೆಟ್ಟಿಗೆಯ ಒಳತಗಡಿಗೆ ಗಾಳಿ ನುಸುಳದಂತೆ ಬೆಸುಗೆ ಹಾಕುವುದು ಅವನ ಕೆಲಸ. ಆಮೇಲೆ ಮುಚ್ಚಳದ ಮೇಲೆ ಡಾಂಬರಿನಲ್ಲಿ ತನ್ನ ಗುರುತು, ಒಂದು ಕುಡುಗೋಲು, ಬರೆಯುತ್ತಿದ್ದ. ಹನ್ನೊಂದು ವರ್ಷದಲ್ಲಿ ಕುಡುಗೋಲಿನ ಒಂದು ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ಅವನಿಗಿದ್ದ ಹೆಸರು ಅದೊಂದೇ.

೧೯೫೮ರ ಆಯುಧಪೂಜೆಯ ಹಿಂದಿನ ಸಂಜೆ, ಕೆಲಸ ಮುಗಿಯಿತೆಂದು ಅವನು ಬೆಸುಗೆ ಕಡ್ಡಿಯನ್ನು ತೊಳೆದು, ಕುಂಕುಮವಿಟ್ಟು ದೇವರ ಮುಂದೆ ಇರಿಸಿದ. ಆಗ ಒಳಗಿನಿಂದ ಆ ಸಲದ ಸರಕಿನ ಕೊನೆಯ, ನಲವತ್ತನೆಯ ಪೆಟ್ಟಿಗೆ ಬಂತು.

"ಬುದ್ದೀ, ಇದೊಂದು ಪೂಜೆ ಆದ್ಮೇಲೆ ಹೋಗ್ಲಿ. ಕಡ್ಡಿಗೆ ಕುಂಕುಮ ಇಟ್ಬುಟ್ಟಿವ್ನಿ."

"ಹಡಗು ನಿನಗೆ ಕಾಯ್ತದೇನೋ? ಸುತ್ತಿಗೆ ಇನ್ನೂ ತೊಳೆದಿಲ್ಲವಲ್ಲ, ಮೊಳೆ ಹೊಡಿ," ಎಂದರು ಗುರುಸಿದ್ದಯ್ಯ.

ಕಡ್ಡಿಯತ್ತ ಹೋದ ಕೈ ಕುಂಕುಮ ಕಂಡು ಹಿಂದೆ ಬಂತು. ಬೆಸುಗೆಯಿಲ್ಲದೆ ಮೊಳೆ ಹೊಡೆದ. ಗುರುತಿಲ್ಲದ ಪೆಟ್ಟಿಗೆ ತಬ್ಬಲಿ ಎನ್ನುತ್ತಿದ್ದವನು, ಅದಕ್ಕೂ ಕುಡುಗೋಲು ಬರೆದ.

ಐದು ತಿಂಗಳಿಗೆ ಆ ಪೆಟ್ಟಿಗೆ ಬೂಷ್ಟು ಹಿಡಿದು, ತೊಗಲು ನಾರುತ್ತ ವಾಪಸ್ಸು ಬಂತು. ಗುರುಸಿದ್ದಯ್ಯ ಎಲ್ಲರ ಮುಂದೆ ಒಡೆಸಿದರು.

"ಯಾರ ಗುರುತೋ ಇದು?"

"ನಂದೇ ಬುದ್ದೀ. ಆದ್ರೆ ಅವತ್ತು ನೀವೇ..."

"ಗುರುತು ಯಾರದು ಅಂದೆ."

ಅವತ್ತೇ ಕೆಲಸ ಹೋಯಿತು. ಊರಿನ ಬೇರೆ ಕಾರ್ಖಾನೆಗಳ ಬಾಗಿಲಲ್ಲಿ "ಬಂದ ಕಣ್ರೋ ತೊಗಲು ಚೆಲುವಯ್ಯ, ಮೂಗು ಮುಚ್ಕಳಿ," ಎಂದು ನಕ್ಕರು. ಕಡೆಗೆ ಗೂಡ್ಸ್ ಶೆಡ್ಡಿನಲ್ಲಿ, ಬೇರೆಯವರ ಗುರುತಿನ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತ. ಹೊರುವಾಗ ಬೆಸುಗೆಯ ಅಂಚನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ. ಎರಡನೆಯ ಮಳೆಗಾಲಕ್ಕೆ ಎದೆ ಕಟ್ಟಿಕೊಂಡು ಹೋದ.

ಹೆಣದ ಬಳಿಗೆ ಗುರುಸಿದ್ದಯ್ಯನವರೂ ಬಂದರು, ಕೈಯಲ್ಲಿ ಒಂದು ಕಟ್ಟು ಊದುಬತ್ತಿ. ಹೆಂಡತಿ ಬೀರಮ್ಮ ತಲೆಯ ಹತ್ತಿರ ಹಚ್ಚಲು ಕೂತಳು. ಆರು ಬೆಂಕಿಕಡ್ಡಿ ಗೀರಿದರೂ ಹತ್ತಲಿಲ್ಲ. ಏಳನೆಯದಕ್ಕೆ ಹೊಗೆ ಬಂತು, ಹಸಿ ತೊಗಲಿನ ನಾತ. ಅವಳು ತಲೆಯೆತ್ತಿ ನೋಡಿದಳು.

"ಅವನೇ ಮುಚ್ಚಿದ ಪೆಟ್ಟಿಗೆಯದಲ್ಲವೇನಮ್ಮ," ಎಂದರು ಗುರುಸಿದ್ದಯ್ಯ, ಚಪ್ಪಲಿ ಮೆಟ್ಟುತ್ತ.

ನೆರೆದವರಲ್ಲಿ ಇಬ್ಬರು ನಕ್ಕರು.