ಅಕ್ಕನ ಫೋಟೋಗೆ ಒಂದು ರೋಲ್

೧೯೯೭ರ ಮೇ ತಿಂಗಳು, ಮೂರನೆಯ ಶನಿವಾರ. ಬೆಳಿಗ್ಗೆ ಐದೂ ಐವತ್ತಕ್ಕೆ ಕೋಲಾರದ ಬಸ್ ನಿಲ್ದಾಣದಲ್ಲಿದ್ದೆವು. ನಾನು, ನನ್ನ ಯಜಮಾನರು, ಇಬ್ಬರೇ. ಅವರ ಕೈಯಲ್ಲಿ ನೀರಿನ ಬಾಟಲಿ ಮತ್ತು ಕೊಡೆ. ನನ್ನ ಹೆಗಲಲ್ಲಿ ಬಟ್ಟೆಯ ಚೀಲ, ಅದರೊಳಗೆ ಟವಲಿನಲ್ಲಿ ಸುತ್ತಿದ ಡಬ್ಬಿ ಕ್ಯಾಮೆರಾ. ಅದು ನಮ್ಮ ಮದುವೆಗೆ ಮೊದಲೇ ಅವರು ಕೊಂಡದ್ದು. ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ತಲೆ ಬಗ್ಗಿಸಿ ನೋಡಬೇಕು. ಒಂದು ರೋಲಿಗೆ ಹನ್ನೆರಡು ಚಿತ್ರ.

ಹೊರಟದ್ದು ನನ್ನ ಅಕ್ಕನ ಸಲುವಾಗಿ. ಅಕ್ಕನಿಗೆ ಎಪ್ಪತ್ತಾರು, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮುಳಬಾಗಿಲಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಹಿಂದಿನ ತಿಂಗಳು ಅವಳ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ಆಕೆಯ ಒಂದೂ ಫೋಟೋ ಮನೆಯಲ್ಲಿರಲಿಲ್ಲ. ಮಕ್ಕಳು ಎಲೆಕ್ಷನ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಅದನ್ನು ನೋಡಿ ಬಂದ ಅಕ್ಕ ನಮಗೆ ಕಾರ್ಡು ಬರೆಸಿದ್ದಳು: “ಪಾಪ, ಅವಳು ಪೋಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ನನಗೆ ಹಾಗಾಗಬಾರದು. ನೀನು ಕ್ಯಾಮೆರಾ ತಗೊಂಡು ಬಾ. ನಾನೊಬ್ಬಳೇ ಇರುವ ಒಂದು ಒಳ್ಳೆಯ ಫೋಟೋ ಬೇಕು.” ಸ್ಟುಡಿಯೋಗೆ ಅವಳು ಹೋಗುವುದಿಲ್ಲ. ಅಲ್ಲಿ ಯಾರೋ ಗಂಡಸು ಗದ್ದ ಹಿಡಿದು ಎತ್ತುತ್ತಾನೆ ಎಂಬುದು ಅವಳ ತಕರಾರು.

ಕೋಲಾರದಲ್ಲಿ ನಮ್ಮ ಕ್ಯಾಮೆರಾದ ರೋಲ್ ಸಿಗುವುದು ನಿಂತು ವರ್ಷದ ಮೇಲಾಗಿತ್ತು. ಎಲ್ಲ ಅಂಗಡಿಗಳಲ್ಲೂ ಕಲರ್ ಫಿಲ್ಮು, ಸಣ್ಣ ಕ್ಯಾಮೆರಾದ್ದು. ಮಾಲೂರಿನ ಖಾದರ್ ಸಾಹೇಬರ ಬಳಿ ಒಂದು ಉಳಿದಿದೆ ಎಂದು ಫೋನಿನಲ್ಲಿ ತಿಳಿದಿತ್ತು. ಆದ್ದರಿಂದ ಮುಳಬಾಗಿಲಿಗೆ ಹೋಗಬೇಕಾದವರು ಮೊದಲು ಅದಕ್ಕೆ ಬೆನ್ನು ಹಾಕಿ ಮಾಲೂರಿನ ಬಸ್ಸು ಹತ್ತಿದೆವು. ಸುಮಾರು ಮೂವತ್ತು ಕಿಲೋಮೀಟರು, ತಲೆಗೆ ಏಳೂವರೆ ರೂಪಾಯಿ. ಟೇಕಲ್ ಹತ್ತಿರ ಬಂಡೆಗಳ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಯಜಮಾನರು ಕಿಟಕಿಯಿಂದ ತೋರಿಸಿ, “ನೋಡು, ನೆರಳು ಎಷ್ಟು ಉದ್ದ” ಎಂದರು. ನಮ್ಮಿಬ್ಬರಿಗೂ ಬೆಟ್ಟಕ್ಕಿಂತ ಅದರ ನೆರಳು ಮೊದಲು ಕಾಣುತ್ತದೆ. ಮೂವತ್ತು ವರ್ಷದ ಚಾಳಿ.

ಖಾದರ್ ಸಾಹೇಬರ ಸ್ಟುಡಿಯೋ ಏಳು ಗಂಟೆಗೇ ತೆರೆದಿತ್ತು. ನಾನು ಕೋಲಾರದ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದಾಗ ಅವರ ತಾಯಿಯನ್ನು ನೋಡಿಕೊಂಡಿದ್ದೆ. ಅಂದಿನಿಂದ ಪರಿಚಯ. ರೋಲನ್ನು ಅವರು ಪಕ್ಕದ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ, ಇಂಜೆಕ್ಷನ್ ಬಾಟಲಿಗಳ ಜೊತೆ ಇಡಿಸಿದ್ದರು. ನನಗೆ ಪೂರ್ತಿ ಒಪ್ಪಿಗೆಯಾದ ಜಾಗ.

“ಡೇಟ್ ಹೋಗಿ ಎಂಟು ತಿಂಗಳಾಯ್ತು ಸಿಸ್ಟರಮ್ಮ. ಕೆಟ್ಟಿಲ್ಲ, ನಾನ್ ಗ್ಯಾರಂಟಿ. ಈಗಿನ ಕಾಲದಲ್ಲಿ ಇದನ್ನ ಕೇಳೋರು ಇಡೀ ಜಿಲ್ಲೇಲಿ ನೀವಿಬ್ರೇ.”

“ಮತ್ತೆ ಬೇಕು ಅಂದ್ರೆ?” ಎಂದು ಯಜಮಾನರು ಕೇಳಿದರು.

“ಬೆಂಗಳೂರಿಗೆ ಹೇಳ್ಬೇಕು ಸಾಬ್. ಅವನು ಕೊಟ್ರೆ ಕೊಟ್ಟ. ಒಂದು ತಿಂಗಳಾಗ್ಬಹುದು, ಮೂರಾಗ್ಬಹುದು. ಹಂಗಾಗಿ ಹುಷಾರಾಗಿ ಖರ್ಚು ಮಾಡಿ. ಮೊಮ್ಮಕ್ಕಳು ಇರೋ ಕಡೆ ಮೊದ್ಲು ಹೋಗ್ಬೇಡಿ.”

ನಾವು ಮೊದಲು ಹೋಗಬೇಕಾಗಿದ್ದದ್ದು ಮೊಮ್ಮಕ್ಕಳು ಇರುವ ಕಡೆಗೇ. ಮಗಳು ರಾಧಾ ಶ್ರೀನಿವಾಸಪುರದಲ್ಲಿದ್ದಾಳೆ. ಮಧ್ಯಾಹ್ನದ ಊಟ ಅಲ್ಲಿ ಎಂದು ವಾರದ ಹಿಂದೆಯೇ ಗೊತ್ತಾಗಿತ್ತು. ಸ್ಟುಡಿಯೋದ ಒಳಕೋಣೆಯ ಕತ್ತಲಲ್ಲಿ ರೋಲ್ ಹಾಕಿಕೊಂಡೆ. ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಹಂಚಿಕೆ ಬರೆದೆ. ಶ್ರೀನಿವಾಸಪುರಕ್ಕೆ ಆರು, ಅಕ್ಕನಿಗೆ ಆರು.

ಕೋಲಾರಕ್ಕೆ ವಾಪಸು ಬಂದಾಗ ಒಂಬತ್ತೂವರೆ. ನಿಲ್ದಾಣದ ಹೋಟೆಲಿನಲ್ಲಿ ಎರಡೆರಡು ಇಡ್ಲಿ, ಒಂದೊಂದು ಲೋಟ ಕಾಫಿ. ಹತ್ತೂ ಐದರ ಶ್ರೀನಿವಾಸಪುರದ ಬಸ್ಸು. ಊರು ಇನ್ನೂ ಎರಡು ಕಿಲೋಮೀಟರು ಇರುವಾಗಲೇ ಮಾವಿನ ವಾಸನೆ ಬಸ್ಸಿನೊಳಗೆ ಬಂತು. ರಸ್ತೆಯ ಎರಡೂ ಕಡೆ ಲಾರಿಗಳು ನಿಂತಿದ್ದವು. ಹುಲ್ಲಿನ ಚೂರು ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತಿತ್ತು.

ರಾಧಾಳ ಮನೆ ಮಾವಿನ ಮಂಡಿಯ ಹಿಂದಿನ ಬೀದಿಯಲ್ಲಿದೆ. ಊಟಕ್ಕೆ ಅನ್ನ, ತೊಗರಿಬೇಳೆ ತೊವ್ವೆ, ಮಾವಿನಕಾಯಿ ಚಟ್ನಿ, ಬಾದಾಮಿ ಮಾವಿನ ಹಣ್ಣಿನ ಸೀಕರಣೆ. ಊಟದ ಮೊದಲೇ ಮೊಮ್ಮಕ್ಕಳಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ಮೂರು ಚಿತ್ರ, ರಾಧಾ ಮತ್ತು ಅಳಿಯಂದಿರದು ಒಂದು, ಅವಳ ಅತ್ತೆಯವರದು ಎರಡು ತೆಗೆದೆ. ಆರು. ಹಂಚಿಕೆ ಮುಗಿಯಿತು. ಕ್ಯಾಮೆರಾವನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ಆಮೇಲೆ ನಡೆದದ್ದು ನನ್ನ ತಪ್ಪು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಳಿಯಂದಿರು ಮಂಡಿ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದರು. ತಗಡಿನ ಚಾವಣಿಯ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಅದರೊಳಗೆ ಹುಲ್ಲಿನ ಧೂಳು. ರಾಶಿಯ ಆಚೆ ಕೂತ ಹೆಂಗಸರು ಎರಡೆರಡು ಕಾಯಿಯನ್ನು ಎಸೆಯುತ್ತಿದ್ದರು, ಈಚೆಯವರು ತಲೆ ಎತ್ತದೆ ಹಿಡಿದು ಕ್ರೇಟಿನಲ್ಲಿ ಜೋಡಿಸುತ್ತಿದ್ದರು. ಒಂದು ಕಾಯಿಯೂ ನೆಲಕ್ಕೆ ಬೀಳಲಿಲ್ಲ. ನಾನು ನಿಂತು ನೋಡಿದೆ. ಚೀಲದಿಂದ ಕ್ಯಾಮೆರಾ ತೆಗೆದೆ. ಯಜಮಾನರು ಕೆಮ್ಮಿದರು. ಕಾಯಿ ಗಾಳಿಯಲ್ಲಿದ್ದಾಗ ಒಂದು, ಕೈಗಳದು ಒಂದು, ಬಿಸಿಲಿನ ಕೋಲುಗಳದು ಎರಡು.

“ಏನಮ್ಮಾ, ಪೇಪರ್ನೋರಾ?” ಎಂದು ಒಬ್ಬ ಹೆಂಗಸು ಕೇಳಿದಳು.

“ಅಲ್ಲಮ್ಮ, ಸುಮ್ನೆ.”

“ಸುಮ್ನೆ ಯಾರಾದ್ರೂ ನಮ್ ಫೋಟೋ ತೆಗೀತಾರಾ?” ಎಂದು ಅವಳು ಪಕ್ಕದವಳ ಕಡೆ ತಿರುಗಿ ತೆಲುಗಿನಲ್ಲಿ ಏನೋ ಹೇಳಿದಳು. ಇಡೀ ಸಾಲು ನಕ್ಕಿತು. ಆಗಲೂ ಕಾಯಿ ಬೀಳಲಿಲ್ಲ.

ಎರಡೂ ಹತ್ತಕ್ಕೆ ಮುಳಬಾಗಿಲಿನ ಬಸ್ಸು ಹೊರಟಿತು. ನೋಟ್‌ಬುಕ್ಕಿನಲ್ಲಿ ‘ಅಕ್ಕ: ಆರು’ ಎಂಬುದನ್ನು ಹೊಡೆದು ‘ಎರಡು’ ಎಂದು ಬರೆದೆ. ಯಜಮಾನರು ಓರೆಗಣ್ಣಿನಲ್ಲಿ ನೋಡಿದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು.

“ಎರಡು ಸಾಕು ಬಿಡು. ಅತ್ತಿಗೆಗೆ ಇರೋದು ಒಂದೇ ಮುಖ.”

“ಒಂದು ಕೆಟ್ರೆ?”

“ಇನ್ನೊಂದಿದೆ.”

ಸುಮಾರು ಮೂವತ್ತು ಕಿಲೋಮೀಟರು, ಒಂದೂಕಾಲು ಗಂಟೆ. ಪೂರ್ವದ ಕಡೆ ಮೋಡ ಕಟ್ಟುತ್ತಾ ಬಂತು. ನನಗೆ ಅದೇ ಚಿಂತೆ. ಡಬ್ಬಿ ಕ್ಯಾಮೆರಾಕ್ಕೆ ಒಳ್ಳೆಯ ಬೆಳಕು ಬೇಕು, ಮೋಡ ಮುಚ್ಚಿದರೆ ಚಿತ್ರ ಬರುವುದಿಲ್ಲ. ಇಳಿದವರು ನಡೆಯದೆ ಆಟೋ ಹಿಡಿದೆವು.

ಅಕ್ಕ ಜಗಲಿಯಲ್ಲಿ ಆಗಲೇ ತಯಾರಾಗಿ ಕೂತಿದ್ದಳು. ಕಂದು ಬಣ್ಣದ ರೇಷ್ಮೆ ಸೀರೆ, ತಲೆಗೆ ನೀರು ಹಚ್ಚಿ ಬಾಚಿದ್ದಳು.

“ಏಮೇ ಸುಶೀಲಾ, ವಚ್ಚಿನಾವಾ. ಅಂತೂ ಬಂದ್ಯಾ. ಎರಡು ಗಂಟೆಯಿಂದ ಕೂತಿದೀನಿ. ಸೀರೆ ನೆರಿಗೆ ಎಲ್ಲ ಮುದುರಿಹೋಯ್ತು.”

“ನಾಲ್ಕಕ್ಕೆ ಅಂತಲ್ವಾ ಬರೆದಿದ್ದೆ?”

ಸೊಸೆ ವನಜಾ ಒಳಗಿನಿಂದ, “ಬೆಳಿಗ್ಗೆಯಿಂದ ಕನ್ನಡಿ ಬಿಟ್ಟಿಲ್ಲ ಚಿಕ್ಕಮ್ಮ” ಎಂದಳು. “ಬಾಯಿ ಮುಚ್ಚೋದು ಅಭ್ಯಾಸ ಮಾಡ್ಕೋತಿದ್ರು.”

ಅಕ್ಕನಿಗೆ ಮುಂದಿನ ಹಲ್ಲು ಸ್ವಲ್ಪ ಉಬ್ಬು. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅವಳಿರುವ ಚಿತ್ರಗಳೆಲ್ಲದರಲ್ಲೂ ಒಂದೋ ಬಾಯಿಗೆ ಸೆರಗು ಅಡ್ಡ, ಇಲ್ಲವೇ ಕಂಕುಳಲ್ಲಿ ಯಾರದೋ ಮಗು ಅಡ್ಡ. ಆ ಮಕ್ಕಳಲ್ಲಿ ಒಬ್ಬಳು ನಾನು.

“ಈಗ ನಗ್ಲಾ, ಬೇಡ್ವಾ?” ಎಂದು ಅವಳು ಕೇಳಿದಳು.

“ನಿನ್ನಿಷ್ಟ. ಹಲ್ಲು ಕಂಡ್ರೆ ಆಮೇಲೆ ನನ್ನೇ ಬೈತೀಯ.”

“ಆಮೇಲೆ ಬೈಯೋಕೆ ನಾನೆಲ್ಲಿರ್ತೀನಿ ಕಣೇ.”

ಜಗಲಿಯ ಬೆಂಚಿನ ಮೇಲೆ, ಸುಣ್ಣದ ಗೋಡೆಗೆ ಬೆನ್ನು ಮಾಡಿ ಕೂರಿಸಿದೆ. ಕೂತವಳ ಭುಜ ಮೇಲಕ್ಕೆ ಎದ್ದಿತು, ಕಣ್ಣು ನೆಲ ನೋಡಿತು, ಕೈ ಸೆರಗಿಗೆ ಹೋಯಿತು. ಇಳಿಸು ಎಂದೆ. ಇಳಿಸಿದಳು, ಮತ್ತೆ ಹೋಯಿತು. ಮೂರು ಸಲ ಹೀಗಾಯಿತು. ಕೊನೆಗೆ ಸಣ್ಣ ದನಿಯಲ್ಲಿ, “ಒಬ್ಳೇ ಕೂತ್ಕೊಳೋಕೆ ಒಂಥರಾ ಆಗುತ್ತೆ ಕಣೇ. ಮೊದ್ಲು ನೀನೂ ಪಕ್ಕ ಕೂತ್ಕೋ. ಅಭ್ಯಾಸ ಆಗ್ಲಿ. ಒಂದು ಅವರು ತೆಗೀಲಿ” ಎಂದಳು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಒಂದು ರೋಲ್ ಹಾಕಿದ ಮೇಲೆ ಮುಗಿಯುವವರೆಗೆ ಒಬ್ಬರದೇ ಕೈ. ಯಾಕೆಂದರೆ ಫಿಲ್ಮ್ ತಿರುಗಿಸುವುದರಲ್ಲಿ ನಮ್ಮಿಬ್ಬರ ಕ್ರಮ ಬೇರೆ. ನಾನು ಚಿತ್ರ ತೆಗೆದ ಕೂಡಲೇ ಮುಂದಿನದಕ್ಕೆ ತಿರುಗಿಸಿಬಿಡುತ್ತೇನೆ. ಬಳಸಿದ ಸಿರಿಂಜನ್ನು ಅಲ್ಲೇ ತೊಳೆದಿಟ್ಟ ಹಾಗೆ. ಅವರು ತೆಗೆಯುವ ಮೊದಲು ತಿರುಗಿಸುತ್ತಾರೆ, ತೆಗೆದ ಮೇಲೆ ಮುಟ್ಟುವುದಿಲ್ಲ. ಫಿಲ್ಮು ಬಿಗಿಯಾಗಿರುತ್ತದೆ ಎಂಬುದು ಅವರ ವಾದ. ಎರಡು ಸಲ ತಿರುಗಿಸಿದರೂ ಆ ಕ್ಯಾಮೆರಾ ತಡೆಯುವುದಿಲ್ಲ, ತಿರುಗಿಸದೆ ಒತ್ತಿದರೂ ತಡೆಯುವುದಿಲ್ಲ.

ಅಂದು ಮೋಡ ಬೀದಿಯ ಕೊನೆಗೆ ಬಂದಿತ್ತು. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಕ್ಯಾಮೆರಾ ಅವರ ಕೈಗೆ ಕೊಟ್ಟು ಅವಳ ಪಕ್ಕ ಕೂತೆ.

“ಅತ್ತಿಗೆ, ಸ್ವಲ್ಪ ಈ ಕಡೆ ನೋಡಿ.”

“ನೀವು ಲೆಕ್ಕದ ಮೇಷ್ಟ್ರು. ಎರಡು ತಲೆ ಇದೆಯಾ ಎಣಿಸ್ಕೊಳ್ಳಿ, ಸಾಕು.”

ಅವರು ಒತ್ತಿದರು. ನಾನೆದ್ದು ಕ್ಯಾಮೆರಾ ತೆಗೆದುಕೊಂಡೆ. ಅಕ್ಕ ಬೆಂಚಿನ ನಡುವಿಗೆ ಸರಿದು ಕೂತಳು. ಈಗ ಭುಜ ಇಳಿದಿತ್ತು. ಗಾಜಿನೊಳಗೆ ಬಗ್ಗಿ ನೋಡಿದೆ. ಎರಡು ಕೈಯನ್ನೂ ಮಡಿಲಲ್ಲಿಟ್ಟು, ತುಟಿ ಅರ್ಧ ತೆರೆದು, ನೇರ ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳ ಮುಖವನ್ನು ಅಷ್ಟು ಹೊತ್ತು ನಾನು ನೋಡಿರಲಿಲ್ಲ. ಒತ್ತಿದೆ. ಎಂದಿನಂತೆ ಫಿಲ್ಮ್ ತಿರುಗಿಸಿದೆ. ಅದು ಕೊನೆಯವರೆಗೂ ಸುತ್ತಿಕೊಂಡಿತು. ಹನ್ನೆರಡೂ ಆದವು ಎಂದುಕೊಂಡೆ. ಹತ್ತು ನಿಮಿಷಕ್ಕೆ ದಪ್ಪ ಹನಿ ಬಿದ್ದವು.

“ಚೆನ್ನಾಗಿ ಬರುತ್ತಾ?” ಎಂದು ಅಕ್ಕ ಕಾಫಿ ಕೊಡುವಾಗ ಎರಡು ಸಲ ಕೇಳಿದಳು. ಬರುತ್ತದೆ ಎಂದು ನಾನು ಎರಡು ಸಲ ಹೇಳಿದೆ. ಅವಳು ಫೋಟೋ ಎಲ್ಲಿ ತೂಗುಹಾಕಬೇಕೆಂದು ನಡುಮನೆಯ ಗೋಡೆಯಲ್ಲಿ ಮೊಳೆಯ ಜಾಗವನ್ನೂ ತೋರಿಸಿದಳು. ವನಜಾ ಆ ಕಡೆ ನೋಡಲೇ ಇಲ್ಲ, ಲೋಟ ತೆಗೆದುಕೊಂಡು ಒಳಗೆ ಹೋದಳು.

ಐದೂ ಕಾಲಿನ ಬಸ್ಸಿನಲ್ಲಿ ಹೊರಟು ಆರೂವರೆಗೆ ಮನೆ ಸೇರಿದೆವು. ಡೇಟ್ ಮುಗಿದ ಫಿಲ್ಮನ್ನು ಮರುದಿನಕ್ಕೆ ಇಡಬಾರದು. ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಎಂದಿನಂತೆ ನಾವೇ ಫಿಲ್ಮ್ ತೊಳೆಯುವ ಕೆಲಸ ಶುರು ಮಾಡಿದೆವು. ಅವರು ಗಡಿಯಾರ ಹಿಡಿದು ನಿಮಿಷ ಹೇಳಿದರು, ನಾನು ಔಷಧಿಯ ಡಬ್ಬಿ ಅಲ್ಲಾಡಿಸಿದೆ. ಏಳೂ ಮುಕ್ಕಾಲಿಗೆ ಫಿಲ್ಮ್ ತೊಳೆದು ಹೊರಗೆ ತಂದು ದೀಪಕ್ಕೆ ಹಿಡಿದೆ.

ಮಂಡಿಯ ನಾಲ್ಕೂ ಚೆನ್ನಾಗಿ ಬಂದಿದ್ದವು. ಹತ್ತರ ನಂತರ ಒಂದು ಚಿತ್ರದಷ್ಟು ಜಾಗ ಖಾಲಿ. ಅದರಾಚೆ, ಕೊನೆಯಲ್ಲಿ, ಒಂದೇ ಚೌಕದೊಳಗೆ ಎರಡು ಚಿತ್ರ. ನಾನು ತಿರುಗಿಸಿಟ್ಟಿದ್ದನ್ನು ಅವರು ಮತ್ತೆ ತಿರುಗಿಸಿ ಒಂದು ಖಾಲಿ ಬಿಟ್ಟಿದ್ದರು. ಅವರು ತಿರುಗಿಸದೆ ಕೊಟ್ಟಿದ್ದರ ಮೇಲೆಯೇ ನಾನು ಒತ್ತಿದ್ದೆ. ನಡುವೆ ಅಕ್ಕ ಕೈ ಮಡಿಲಲ್ಲಿಟ್ಟು ಕೂತಿದ್ದಾಳೆ. ಅವಳ ಎಡ ಭುಜದೊಳಗಿನಿಂದ ಮೊದಲಿನ ಅಕ್ಕ ಇಣುಕುತ್ತಾಳೆ, ಬಲ ಭುಜದೊಳಗಿನಿಂದ ನಾನು. ಕತ್ತರಿಸಿ ಬೇರೆ ಮಾಡುವ ಹಾಗಿಲ್ಲ. ನನ್ನ ಕಿವಿ ಅವಳ ಕೆನ್ನೆಯೊಳಗಿದೆ.

ಯಜಮಾನರು ಬಹಳ ಹೊತ್ತು ನೋಡಿದರು. “ನಾನು ಕೇಳ್ಬೇಕಾಗಿತ್ತು” ಎಂದರು.

“ನಾನು ಹೇಳ್ಬೇಕಾಗಿತ್ತು.”

“ಇದನ್ನ ಹೇಗೆ ಕೊಡೋದು? ಬದುಕಿರೋಳಿಗೂ ಸೇರಿಸಿ ಹಾರ ಹಾಕ್ತಾರಾ?”

ಫಿಲ್ಮನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟು, ಊಟ ಮಾಡಿ, ಒಂದು ಕಾರ್ಡು ತೆಗೆದುಕೊಂಡು ಕೂತೆ. ಬರೆದದ್ದು ಇಷ್ಟು:

“ಅಕ್ಕನಿಗೆ ನಮಸ್ಕಾರ. ಸುಖವಾಗಿ ಬಂದು ತಲುಪಿದೆವು. ಫೋಟೋ ಸರಿಯಾಗಲಿಲ್ಲ. ತಪ್ಪು ನಮ್ಮದು. ಅದರಲ್ಲಿ ನಿನ್ನ ಜೊತೆ ನಾನೂ ಬಂದುಬಿಟ್ಟಿದ್ದೇನೆ, ಹಾರ ಹಾಕಲು ಬರುವುದಿಲ್ಲ. ಹೊಸ ರೋಲಿಗೆ ಮಾಲೂರಿನಲ್ಲಿ ಹೇಳುತ್ತೇನೆ. ಸಿಕ್ಕಿದ ಮೇಲೆ ಬಂದು ಮತ್ತೆ ತೆಗೆಯುತ್ತೇನೆ. ಅಲ್ಲಿಯವರೆಗೆ ನೀನು ಇರಬೇಕು. ಮೊಳೆ ಹೊಡೆಸಬೇಡ.”

ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. “ಯಾವಾಗ ಬರ್ತೀವಿ ಅಂತ ಬರೆದೇ ಇಲ್ವಲ್ಲ. ಖಾದರ್ ಸಾಹೇಬರು ಒಂದು ತಿಂಗಳು, ಮೂರು ತಿಂಗಳು ಅಂದ್ರಲ್ಲ.”

“ಬರೆಯೋದಿಲ್ಲ” ಎಂದೆ.

ಅವರು ಕಾರ್ಡು ವಾಪಸು ಕೊಟ್ಟರು. ವಿಳಾಸ ಬರೆದೆ. ಮರುದಿನ ಭಾನುವಾರ, ಟಪಾಲು ತೆಗೆಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿ ಬೀದಿಯ ತುದಿಗೆ ಹೋಗಿ, ಡಬ್ಬಿಗೆ ಹಾಕಿ, ಬಿದ್ದ ಸದ್ದು ಕೇಳಿಸಿಕೊಂಡು ಬಂದೆ. ಆಗ ಗಂಟೆ ಒಂಬತ್ತಕ್ಕೆ ಐದು ನಿಮಿಷವಿತ್ತು.