ಕೊಸರಿಲ್ಲದ ಹೆಲಿಕಾಪ್ಟರ್

ಹೆಲಿಕಾಪ್ಟರ್ ಹತ್ತುವವರು ತುಂಬುವ ಫಾರಂನಲ್ಲಿ ತೂಕ ಎಂದಿದ್ದ ಜಾಗದಲ್ಲಿ ನಾನು ಎಪ್ಪತ್ತೆರಡು ಎಂದು ಬರೆದೆ. ಸುಳ್ಳೇನಲ್ಲ, ನನ್ನ ಮದುವೆಯ ದಿನ ಅಷ್ಟೇ ಇದ್ದೆ. ಮಹಾನಂದ ಅದನ್ನು ಓದಿ, ನನ್ನನ್ನು ಕೆಳಗಿಂದ ಮೇಲಕ್ಕೊಮ್ಮೆ ನೋಡಿ, ಮೂಲೆಯಲ್ಲಿದ್ದ ಕಾಟಾದ ಕಡೆ ಕೈ ತೋರಿಸಿದರು. ಅಕ್ಕಿಮೂಟೆ ತೂಗುವ ಕಬ್ಬಿಣದ ಕಾಟಾ. ಹತ್ತಿ ನಿಂತೆ. ಎಂಬತ್ತೇಳು. ಹೊಟ್ಟೆ ಒಳಗೆಳೆದುಕೊಂಡೆ, ಆಗಲೂ ಎಂಬತ್ತೇಳು. ಮೊಬೈಲು, ಪರ್ಸು, ಬೀಗದ ಗೊಂಚಲು ಒಂದೊಂದಾಗಿ ಮೇಜಿಗೆ ಹೋದವು. ಕೊನೆಗೆ ಕನ್ನಡಕವನ್ನೂ ತೆಗೆದೆ. ಕಾಫಿ ತಂದಿದ್ದ ಅಂಜಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮಹಾನಂದ ಮಾತ್ರ ನಗಲಿಲ್ಲ. ಎಪ್ಪತ್ತೆರಡನ್ನು ಹೊಡೆದುಹಾಕಿ, "ಕನ್ನಡಕ ಹಾಕ್ಕೊಳ್ಳಿ ಸರ್, ಅದ್ರಿಂದ ಏನೂ ಆಗಲ್ಲ" ಎಂದರು.

ಎನ್.ಆರ್. ಕಾಲೋನಿಯ ಆ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಹಾನಂದ ಎರಡು ಹೆಲಿಕಾಪ್ಟರುಗಳ ಕಂಪನಿ ನಡೆಸುತ್ತಾರೆ. ಹೆಲಿಕಾಪ್ಟರುಗಳು ಜಕ್ಕೂರಿನಲ್ಲಿರುತ್ತವೆ, ಇಲ್ಲಿರುವುದು ಎರಡು ಫೋನು, ಗೋಡೆ ತುಂಬ ನಕ್ಷೆ, ಆ ಕಾಟಾ. ವರ್ಷವೆಲ್ಲ ಅವು ಮದುವೆಗಂಡುಗಳನ್ನು ಛತ್ರದ ಮೈದಾನಕ್ಕೆ ಇಳಿಸುತ್ತವೆ, ಗೋಪುರಗಳ ಮೇಲೆ ಹೂ ಸುರಿಯುತ್ತವೆ, ಚುನಾವಣೆ ಬಂದರೆ ಪುಢಾರಿಗಳನ್ನು ಹೊರುತ್ತವೆ. ಈ ದುಡಿಮೆಯ ಬಲದ ಮೇಲೆ ಮಳೆಗಾಲದ ಎರಡು ತಿಂಗಳು ಒಂದು ಹೆಲಿಕಾಪ್ಟರ್ ಯಾವ ಬಾಡಿಗೆಗೂ ಹೋಗುವುದಿಲ್ಲ. ಎಲ್ಲಿ ನೆರೆ ಬಂದರೂ ಅಕ್ಕಿ, ಔಷಧಿ ಹೊತ್ತು ಹೊರಡಲು ತಯಾರಾಗಿ ನಿಂತಿರುತ್ತದೆ. ಏಳು ವರ್ಷದಿಂದ ಹೀಗೇ.

ತೂಕದ ವಿಷಯದಲ್ಲಿ ಅವರಿಗೆ ಯಾರ ಮುಲಾಜೂ ಇಲ್ಲ. ಒಮ್ಮೆ ಒಬ್ಬ ಅಭ್ಯರ್ಥಿ, ಕ್ರೇನಿನಿಂದ ಹಾಕಿಸಿಕೊಂಡಿದ್ದ ಸೇಬಿನ ಹಾರದ ಸಮೇತ ಹತ್ತಲು ಬಂದರಂತೆ. ಹಾರ ಬರಲಿ, ಇಲ್ಲವೇ ಪಿ.ಎ. ಬರಲಿ, ಎರಡೂ ಆಗುವುದಿಲ್ಲ ಎಂದು ಮಹಾನಂದ ಹೇಳಿದರು. ಅಭ್ಯರ್ಥಿ ಸ್ವಲ್ಪ ಹೊತ್ತು ಯೋಚಿಸಿ ಪಿ.ಎ.ಯನ್ನು ಬಸ್ಸಿಗೆ ಕಳಿಸಿದರು.

ಈ ಹುಚ್ಚು ಅಂಟಿದ್ದು ಕಾಟನ್‌ಪೇಟೆಯಲ್ಲಿ. ತಂದೆ ನಂಜುಂಡಯ್ಯನವರದು ಅಲ್ಲಿ ಮೂರು ತಲೆಮಾರಿನ ಅಕ್ಕಿ ಮಂಡಿ. ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದು ಗಾದಿಯ ಮೇಲೆ ಕೂತರೆಂದರೆ, ಕಾಟಾದ ಮುಳ್ಳಿನಿಂದ ಅವರ ಕಣ್ಣು ಕದಲುತ್ತಿರಲಿಲ್ಲ. ಆದರೆ ಸರಿಯಾಗಿ ತೂಗಿ ಅಷ್ಟೇ ಕೊಡುವುದು ಅವರ ಮಟ್ಟಿಗೆ ಜಿಪುಣತನ. ತೂಕ ಮುಗಿದ ಮೇಲೆ ಒಂದು ಬೊಗಸೆ ಮೇಲೆ ಸುರಿಯಬೇಕು. ಅದು ಕೊಸರು. ಕೊಸರು ಹಾಕದ ಮಂಡಿಗೆ ಮರ್ಯಾದೆಯಿಲ್ಲ. ಹಾಕಿದ ಕೊಸರನ್ನು ವಾಪಸ್ ತೆಗೆಯುವವನ ಹೆಸರನ್ನಂತೂ ಪೇಟೆಯಲ್ಲಿ ಯಾರೂ ಎತ್ತುವುದಿಲ್ಲ. ಮಗಳು ಮಹಾನಂದ ಬಿ.ಕಾಂ. ಮುಗಿಸಿ ವಿಮಾನದ ಸರಕು ಏಜೆನ್ಸಿಯೊಂದಕ್ಕೆ ಸೇರಿ, ಹನ್ನೆರಡು ವರ್ಷ ಯಾವ ವಿಮಾನಕ್ಕೆ ಎಷ್ಟು ಭಾರ ಎಂದು ನೋಡುತ್ತ ಕೂತಳು. ಅಲ್ಲಿ ಕೊಸರಿಗೆ ಓವರ್‌ಲೋಡ್ ಎಂದು ಹೆಸರು. ಈ ಒಂದು ವಿಷಯ ಬಿಟ್ಟು ಬೇರೆ ಯಾವುದಕ್ಕೂ ಅಪ್ಪ ಮಗಳು ಜಗಳವಾಡಿದ್ದನ್ನು ಮನೆಯವರು ಕಂಡಿಲ್ಲ.

ಕಳೆದ ಆಗಸ್ಟ್‌ನಲ್ಲಿ ಉತ್ತರದ ಕಡೆ ಹೊಳೆ ಉಕ್ಕಿ ಒಂದು ಊರು ನಡುಗಡ್ಡೆಯಾಯಿತು. ನಲವತ್ತೆಂಟು ಮನೆ. ಸೆಳೆತ ಎಷ್ಟಿತ್ತೆಂದರೆ ದೋಣಿ ಹಾಕಲು ಯಾರಿಗೂ ಧೈರ್ಯವಿಲ್ಲ. ಆ ಮನೆಗಳ ಒಲೆ ಉರಿದು ಎರಡು ದಿನವಾಗಿತ್ತು. ನಂಜುಂಡಯ್ಯನವರು ಮನೆಗೊಂದರಂತೆ ಹತ್ತು ಕೆಜಿಯ ನಲವತ್ತೆಂಟು ಚೀಲ ಕಟ್ಟಿಸಿ ಲಾರಿ ಹತ್ತಿಸಿದರು. ಈಚೆ ದಡದ ಶಾಲೆಯ ಬಯಲಿನಲ್ಲಿ ಹೆಲಿಕಾಪ್ಟರ್ ಇಳಿದಿತ್ತು, ಮಹಾನಂದ ಕಾಟಾ ಹೂಡಿಕೊಂಡು ನಿಂತಿದ್ದರು. ಪೈಲಟ್ ಗೌರೀಶ್ ಆಕಾಶ ನೋಡಿ ಬಂದು ಹೇಳಿದ್ದು ಇಷ್ಟೇ: ಹನ್ನೊಂದರ ಮೇಲೆ ಮೋಡ ಇಳಿಯುತ್ತದೆ, ಆಮೇಲೆ ಎರಡು ದಿನ ಹಾರುವ ಮಾತಿಲ್ಲ. ಒಂದೇ ಟ್ರಿಪ್ಪು. ನಾನೂರ ಎಂಬತ್ತು ಕೆಜಿ, ಅದರ ಮೇಲೆ ಬೇಡ.

ಮೊದಲ ಚೀಲ ಕಾಟಾದ ಮೇಲೆ ಹತ್ತು ಕೆಜಿ ಆರುನೂರು ಗ್ರಾಂ ತೂಗಿತು. ಕಾಟಾ ಕೆಟ್ಟಿದೆಯೆಂದು ಮಹಾನಂದ ಒಂದು ಗಳಿಗೆ ಅಂದುಕೊಂಡರು. ಎರಡನೆಯದು ಹತ್ತು ಏಳುನೂರು. ಮೂರನೆಯದು ಮತ್ತೆ ಆರುನೂರು. ಕೆಟ್ಟಿದ್ದು ಕಾಟಾ ಅಲ್ಲ, ಅಪ್ಪ ಎಂದು ಆಗ ಹೊಳೆಯಿತು. ಎಂಬತ್ತರ ವಯಸ್ಸಿನಲ್ಲಿ ಗಾದಿಯಿಂದ ಇಳಿದು ಬಂದು, ನಲವತ್ತೆಂಟು ಚೀಲಕ್ಕೂ ತಮ್ಮ ಕೈಯಾರೆ ಕೊಸರು ಸುರಿದಿದ್ದರು. ಒಟ್ಟು ಮೂವತ್ತು ಕೆಜಿಗೂ ಜಾಸ್ತಿ.

ಮೂರು ಚೀಲ ಕೆಳಗಿಟ್ಟುಬಿಡಿ, ಊರಿನವರು ಹಂಚಿಕೊಳ್ಳುತ್ತಾರೆ ಎಂದರು ಗೌರೀಶ್. ಒಳ್ಳೆಯ ಸಲಹೆಯೇ. ಆದರೆ ಮಹಾನಂದರ ಕೈಯಲ್ಲಿ ನಲವತ್ತೆಂಟು ಮನೆಯ ಯಜಮಾನರ ಪಟ್ಟಿಯಿತ್ತು. ಹೊಡೆದುಹಾಕಲು ಮೂರು ಹೆಸರು ಹುಡುಕಿದರು, ಸಿಗಲಿಲ್ಲ. ಕೊಸರನ್ನೇ ತೆಗೆಯೋಣವೆಂದು ಚಾಕು ಹಾಕಿ ಒಂದು ಚೀಲದ ಬಾಯಿ ಬಿಚ್ಚಲು ಹೋದರೆ ಚೀಲವೇ ಹರಿಯಿತು. ಗಂಟೆ ಒಂಬತ್ತೂಕಾಲು. ಅಪ್ಪನಿಗೆ ಫೋನ್ ಮಾಡಿದರು.

"ತೆಗೀತೀಯಾ?" ನಂಜುಂಡಯ್ಯನವರಿಗೆ ಮೊದಲು ಅರ್ಥವೇ ಆಗಲಿಲ್ಲ. "ನೀರಲ್ಲಿ ಕೂತಿರೋರಿಗೆ ಗ್ರಾಂ ಲೆಕ್ಕದಲ್ಲಿ ಕೊಡ್ತೀಯೇನೇ? ನಮ್ಮ ಮಂಡಿ ಹೆಸರು ಹಾಕ್ಸಿದೀನಿ ಚೀಲದ ಮೇಲೆ."

"ಅಪ್ಪಾಜಿ, ನಿಮ್ಮ ಕೊಸರೂ ಜೊತೆಗೆ ಹೋದ್ರೆ ಮೂರು ಮನೆಗೆ ಅಕ್ಕಿ ಹೋಗಲ್ಲ."

ಮೂರು ತಲೆಮಾರಿನಲ್ಲಿ ಯಾರೂ ಆಡದ ಮಾತನ್ನು ಅಪ್ಪನ ಬಾಯಿಂದ ಆಡಿಸುತ್ತಿದ್ದೇನೆ ಎಂದು ಮಗಳಿಗೂ ಗೊತ್ತಿತ್ತು. ಆದರೂ ಫೋನು ಇಡಲಿಲ್ಲ.

"ತೆಗಿ," ಎಂದರು ನಂಜುಂಡಯ್ಯ ಕೊನೆಗೆ. ಮರುಕ್ಷಣ ದನಿ ಮಂಡಿಯ ದನಿಯಾಯಿತು. "ಚಾಕು ಬಿಸಾಕು. ಹೊಲಿಗೆ ಎಡಗಡೆ ತುದಿ ಹಿಡಿದು ಎಳಿ, ಸರ್ರಂತ ಬಿಚ್ಕೊಳತ್ತೆ. ಬಲಗಡೆ ಎಳೆದ್ರೆ ಬಿಗಿಯತ್ತೆ, ಗೊತ್ತಾಯ್ತಾ? ಡಬ್ಬಣ, ದಾರ ಲಾರಿ ಸೀಟಿನ ಕೆಳಗಿದೆ. ಕಾಟಾ ಮುಳ್ಳು ನೀನೇ ನೋಡು, ಬೇರೆಯವರಿಗೆ ಬಿಡಬೇಡ."

ಶಾಲೆಯ ಮೇಷ್ಟ್ರು, ಲಾರಿ ಡ್ರೈವರು, ನೀರು ಏರುವ ಮೊದಲೇ ದಡಕ್ಕೆ ಬಂದು ಪರಿಹಾರ ಕ್ಯಾಂಪಿನಲ್ಲಿದ್ದ ಹೆಂಗಸರು ಎಲ್ಲರೂ ಕೂತರು. ಎಡಗಡೆ ತುದಿ ಎಳೆದರೆ ಹೊಲಿಗೆ ನಿಜಕ್ಕೂ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತಿತ್ತು. ಹರಿದಿದ್ದ ಚೀಲದ ಅಕ್ಕಿಯನ್ನು ಮೇಷ್ಟ್ರ ಮನೆಯ ದಿಂಬಿನ ಚೀಲಕ್ಕೆ ಬದಲಾಯಿಸಿದರು. ಮಹಾನಂದ ಒಂದೊಂದನ್ನೂ ತೂಗಿ, ಬೊಗಸೆಯಲ್ಲಿ ತೆಗೆದು, ಮತ್ತೆ ತೂಗಿದರು. ಮೊದಲ ಐದಾರು ಚೀಲಕ್ಕೆ ಕೈ ಹಾಕುವಾಗ ಕಳ್ಳತನ ಮಾಡಿದ ಹಾಗಿತ್ತಂತೆ. ಆಮೇಲೆ ಹಾಗನ್ನಿಸಲು ಪುರಸೊತ್ತಿರಲಿಲ್ಲ. ಹತ್ತೂ ಮುಕ್ಕಾಲಿಗೆ ಗೌರೀಶ್ ಹೆಲಿಕಾಪ್ಟರ್ ಎತ್ತಿದರು. ನಲವತ್ತೆಂಟು ಚೀಲ. ಹೊಳೆಯಾಚೆ ಅದು ಸಣ್ಣ ಚುಕ್ಕೆಯಾಗುವವರೆಗೂ ಬಯಲಿನಲ್ಲಿ ಯಾರೂ ಕೂರಲಿಲ್ಲ. ಜಮಖಾನೆಯ ಮೇಲೆ ಉಳಿದಿದ್ದ ಕೊಸರನ್ನು ಕ್ಯಾಂಪಿನ ಹೆಂಗಸರು ಮಧ್ಯಾಹ್ನ ಅನ್ನ ಮಾಡಿದರು. ಮಗಳ ಫೋನು ಬಂದಾಗ ನಂಜುಂಡಯ್ಯನವರು ಹಾರಾಟದ ವಿಷಯ ಒಂದೂ ಕೇಳಲಿಲ್ಲವಂತೆ. ಅಕ್ಕಿ ಉದುರುದುರಾಗಿ ಬೆಂದಿತ್ತಾ ಎಂದಷ್ಟೇ ಕೇಳಿದರಂತೆ.

ಈಗ ಕಾಟನ್‌ಪೇಟೆಯಲ್ಲಿ ಅವರು ಹೋದವರಿಗೆಲ್ಲ ಈ ಕತೆ ಹೇಳುತ್ತಾರೆ. ಮಗಳ ಹೆಸರು ಬರುವುದು ತಡ, ಎದೆ ಉಬ್ಬುತ್ತದೆ. ಆದರೆ ಮಗಳ ಬಾಯಿಂದ ಇಷ್ಟನ್ನು ಹೊರಡಿಸಲು ನಾನು ಮೂರು ಕಾಫಿ ಕುಡಿಯಬೇಕಾಯಿತು. ನನ್ನಂಥ ಪತ್ರಿಕೆಯವರಿಗೆ ಒಂದು ಕೊನೆಯ ಪ್ರಶ್ನೆ ಇದ್ದೇ ಇರುತ್ತದಲ್ಲ, ಕೇಳಿದೆ. ಅಷ್ಟು ನೀರಿನ ಮಧ್ಯೆ ಆ ಊರು ಮೇಲಿನಿಂದ ಕಂಡಾಗ, ಜನ ಕೈಬೀಸಿದಾಗ, ಏನನ್ನಿಸಿತು?

ಮಹಾನಂದ ಮೇಜಿನ ಮೇಲೆ ಹರಡಿದ್ದ ನಕ್ಷೆಯಿಂದ ತಲೆ ಎತ್ತಲಿಲ್ಲ.

"ನಾನೆಲ್ಲಿ ನೋಡ್ದೆ ಸರ್. ನಾನು ಹತ್ತಿದ್ರೆ ಆರು ಮನೆ ಇಳೀಬೇಕು."